ಅಕ್ಕವ್ವಜ್ಜಿಗೆ ಎರೆದ ನೀರು

ಆ ಸೋಮವಾರ ಸಂಜೆ ಕೇದಾರಿ ಮಾಸ್ತರ ಬೇವಿನ ಕೆಳಗೆ ಕುಳಿತಲ್ಲಿ ಕೂಡಲಾರದೆ, ನಾಲ್ಕು ಸಲ ಎದ್ದು ರುದ್ರಭೂಮಿಯ ಬಾಗಿಲ ಕಡೆ ನೋಡಿದ.

ಮೂಡಲಗಿಯ ಹಳೆಯ ರುದ್ರಭೂಮಿಗೆ ಗೋಡೆ ಕಟ್ಟಿಸುವ ಮೊದಲು, ಯಾವ ಸಮಾಧಿ ಯಾರದು ಎಂದು ಬರೆದಿಡಲು ಪಂಚರು ಅವನಿಗೆ ಹೇಳಿದ್ದರು. ನೂರು ವರ್ಷದ ಹಿಂದಿನ ಜಂಗಮರಿಂದ ಹಿಡಿದು, ಮೂರು ವರ್ಷದ ಹಿಂದೆ, ೧೯೧೮ರ ದೊಡ್ಡ ಜ್ವರದಲ್ಲಿ ಹೋದವರ ತನಕ ಬರೆದಾಗಿತ್ತು. ನಾಳೆ ಪಂಚರ ಮುಂದೆ ಓದಬೇಕು. ಒಂದೇ ಸಾಲು ಖಾಲಿ.

ಅದು ಕಾಶೆವ್ವನ ಗಂಡನದು. ಅವನನ್ನು ಮಣ್ಣಿಗಿಟ್ಟ ದಿನ ಅವಳೂ ಅದೇ ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಎದ್ದ ಮೇಲೆ ಯಾರೋ ‘ಬೇವಿನ ಕೆಳಗ’ ಎಂದರು. ಅಂದಿನಿಂದ ಸೋಮವಾರಕ್ಕೊಮ್ಮೆ ಇಲ್ಲಿಗೆ ಬಂದು ಪತ್ರಿ ಏರಿಸಿ, ಸಮಾಧಿಯ ಮೇಲಿನ ತುಂಬೆ ಗಿಡಕ್ಕೆ ನೀರೆರೆಯುತ್ತಿದ್ದಳು. ಆದರೆ ಕುಣಿ ತೋಡಿದ ಪರಪ್ಪ ಹೇಳಿದ್ದೇ ಬೇರೆ. ಅವಳ ಗಂಡನನ್ನು ಮಣ್ಣಲ್ಲಿ ಕೂಡಿಸಿದ್ದು ರುದ್ರಭೂಮಿಯ ಆಚೆ ತುದಿಗೆ, ಹಳ್ಳದ ದಂಡೆಯ ಬೇವಿನ ಕೆಳಗೆ. ಇಲ್ಲಿರುವವಳು ಹಿಂದೆಮುಂದೆ ಯಾರೂ ಇಲ್ಲದ ಮುದುಕಿ ಅಕ್ಕವ್ವ.

ಹೇಳಿದರೆ ಕಾಶೆವ್ವ ಆ ದಂಡೆಗೆ ಹೋಗಿಬಿಡುತ್ತಾಳೆ, ಇತ್ತ ಬರುವುದಿಲ್ಲ. ಆ ಹೆದರಿಕೆಗೆ ಕೇದಾರಿ ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ.

“ಏನ್ರಿ ಮಾಸ್ತರ, ಇರುವಿ ಕಡದವರಂಗ ಮಾಡಾಕತ್ತೀರಿ?”

ತಂಬಿಗೆ ಹಿಡಿದು ನಿಂತಿದ್ದಳು ಕಾಶೆವ್ವ. ನಗು ಕಣ್ಣಂಚಿನಲ್ಲಷ್ಟೇ ಇತ್ತು.

“ನೀರು ಹಾಕಬ್ಯಾಡ್ರಿ,” ಎಂದ ಕೇದಾರಿ. “ನಿಮ್ಮವರು ಇಲ್ಲಿಲ್ಲ. ಹಳ್ಳದ ದಂಡಿಮ್ಯಾಲ ಅದಾರ. ಇದು ಅಕ್ಕವ್ವಜ್ಜಿ ಸಮಾಧಿ. ನನಗ ಗೊತ್ತಿದ್ದೂ ಹೇಳಲಿಲ್ಲ.”

“ನನಗೂ ಗೊತ್ತೈತ್ರಿ.”

“ಯಾವಾಗಿಂದ?”

“ಯುಗಾದಿಗೇ ಪರಪ್ಪಕಾಕಾ ಹೇಳಿದ. ನಮ್ಮವರ ಸಮಾಧಿ ಹಂತ್ಯಾಕ ಮುಂಜಾನೆ ಹೋಗಿ ಬರ್ತೇನಿ.”

“ಮತ್ತ ಸಂಜಿಮುಂದ ಇಲ್ಲಿಗ್ಯಾಕ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಈ ನೆರಳಾಗ ಒಬ್ಬರು ಬರಕೋತ ಕೂಡ್ತಾರ. ಬರಿಯೂದ ಬಿಟ್ಟ ನನ್ನ ನೋಡ್ತಾರ. ಟಾಕಿನ ಮಸಿ ಒಣಗಿದ್ದೂ ಅವರಿಗೆ ತಿಳಿಯಂಗಿಲ್ಲ.”

ಕೇದಾರಿ ಕೈಯೊಳಗಿನ ಲೇಖನಿಯ ಟಾಕು ನೋಡಿಕೊಂಡ. ಒಣಗಿತ್ತು.

“ಇವತ್ತಿಗೆ ಪಟ್ಟಿ ಮುಗೀತೈತಿ ಕಾಶೆವ್ವ. ನಾಳಿಂದ ಇಲ್ಲಿ ಬರಾಕ ನನಗ ನೆವ ಇಲ್ಲ.”

“ನೆವ ಯಾಕ? ನಮ್ಮ ಮನಿಗೇ ಬರ್ರಿ. ನನ್ನ ಉಡಕಿ ಮಾಡಿ, ಇನ್ನೊಂದ ಮದುವಿಗೆ ಕೊಡಾಕ ಅಪ್ಪ ಒಪ್ಯಾನ. ನಾನ ಯಾರಿಗೂ ಹೂಂ ಅಂದಿಲ್ಲ.”

ಕೇದಾರಿ ಟಾಕನ್ನು ಮಸಿಯಲ್ಲಿ ಅದ್ದಿ ಖಾಲಿ ಸಾಲು ತುಂಬಿದ.

ಕಾಶೆವ್ವ ಬಾಗಿ ತಂಬಿಗೆಯ ನೀರನ್ನೆಲ್ಲ ತುಂಬೆಗೆ ಎರೆದಳು.

“ಅಜ್ಜೀ, ಇಷ್ಟ ದಿನ ನಿನಗಷ್ಟ ಹೇಳಿದ್ದೆ,” ಎಂದಳು ಮೆಲ್ಲಗೆ. “ಇವತ್ತ ಅವರಿಗೂ ಹೇಳಿದೆ ನೋಡು.”