ನಾಲ್ಕು ಸೆಕೆಂಡಿನ ಕೈಚಳಕ

ನೀವು ಒಂದು ಸೀನು ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ನನ್ನ ಗಂಡ ರೇಸ್ ಕಾರಿನ ನಾಲ್ಕೂ ಚಕ್ರ ಬದಲಿಸಿಬಿಡುತ್ತಿದ್ದರು. ಇದರಲ್ಲಿ ಅರ್ಧ ಸುಳ್ಳು. ಅವರ ಪಾಲಿಗೆ ಬರುತ್ತಿದ್ದದ್ದು ಹಿಂದಿನ ಎಡಚಕ್ರ ಒಂದೇ. ಸೀನು ಮಾತ್ರ ನಿಜ.

ಇಪ್ಪತ್ತಾರು ವರ್ಷ ಅದೊಂದೇ ಚಕ್ರ. ಓಟದ ನಡುವೆ ಕಾರು ಟ್ರ್ಯಾಕಿನ ಪಕ್ಕದ ಪಿಟ್‌ಗೆ ಬಂದು ನಿಂತರೆ ಹತ್ತು ಸೆಕೆಂಡಿನಲ್ಲಿ ಹಳೆಯದು ಬಿಚ್ಚಿ ಹೊಸದು ಹಾಕಿ ಕಳಿಸಬೇಕು. ಅಂಥವರಿಗೆ ತಂಡದ ಮಾಲೀಕ ಎಲ್ಲರೆದುರು ಹೇಳಿದ: “ನಿಮ್ಮ ಕೈ ನಿಧಾನ ಆಯ್ತು ಕಣ್ರೀ. ಈ ಭಾನುವಾರದ ಓಟ ಮುಗಿಸಿ ಮನೇಲಿರಿ. ನಿಮ್ಮ ಜಾಗಕ್ಕೆ ನಮ್ಮ ಭಾವಮೈದ ಬರ್ತಾನೆ.”

ಭಾವಮೈದ ಟೈರಿನ ಗಾಳಿ ನೋಡುವವನು. ಅವನು ಬೂಟಿನ ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಕೂಸು ಹುಟ್ಟಿ ಅದಕ್ಕೆ ಹಲ್ಲು ಬಂದಿರುತ್ತದೆ.

ನಮ್ಮವರು ಜಗಳ ಆಡಲಿಲ್ಲ. ಮನೆಗೆ ಬಂದು, ತಟ್ಟೆಯಲ್ಲಿ ಸುಮ್ಮನೆ ಬೆರಳಾಡಿಸುತ್ತ ಕೂತರು. ಕೈ ನಿಧಾನವಂತೆ. ಆ ಕೈಯಿಂದಲೇ, ಮಾಲೀಕನ ಮೂಗಿನ ಕೆಳಗೇ, ಅವನ ಓಟ ಕೆಡಿಸಬೇಕು. ಯಾರ ಮೈಗೂ ಗಾಯವಾಗಬಾರದು. ಯಾರ ಕಣ್ಣಿಗೂ ಬೀಳಬಾರದು.

ಉಪಾಯ ಹೊಳೆದದ್ದು ನಾನು ಮೊರದಲ್ಲಿ ಹರಡಿದ್ದ ಹೆಸರುಕಾಳು ನೋಡಿ. ಗಾಳಿ ತುಂಬುವ ವಾಲ್ವಿನ ಬಾಯಿಗೆ ಒಂದು ಪುಟ್ಟ ಕ್ಯಾಪ್ ಇರುತ್ತದಲ್ಲ, ಅದರೊಳಗೆ ಒಂದು ಕಾಳಿಟ್ಟು ಬಿಗಿದರೆ, ಕಾಳು ವಾಲ್ವಿನ ಸೂಜಿಯನ್ನು ಒತ್ತಿ ಹಿಡಿಯುತ್ತದೆ. ಗಾಳಿ ಸದ್ದಿಲ್ಲದೆ ಸೋರುತ್ತದೆ. ಐದಾರು ಸುತ್ತಿಗೆ ಕಾರು ಕುಂಟುತ್ತ ಮತ್ತೆ ಪಿಟ್‌ಗೆ ಬರಲೇಬೇಕು. ಆಗ ಆ ಚಕ್ರ ಬಿಚ್ಚುವವರು ಯಾರು? ಇವರೇ. ಕ್ಯಾಪ್ ಬದಲಿಸಿ ಕಾಳು ಬಾಯಿಗೆ ಹಾಕಿಕೊಂಡರೆ ಸಾಕ್ಷಿ ಹೊಟ್ಟೆಯೊಳಗೆ. ಬೈಗುಳವೆಲ್ಲ ಗಾಳಿ ನೋಡಿದವನಿಗೆ.

ಮೊದಲೇ ಹಾಕಿಡುವಂತಿರಲಿಲ್ಲ. ಭಾವಮೈದ ಕೊನೆ ಗಳಿಗೆಯವರೆಗೂ ಮೀಟರು ಹಿಡಿದು ಟೈರನ್ನು ತಬ್ಬಿಕೊಂಡೇ ಇರುತ್ತಿದ್ದ. ಹಾಗಾಗಿ ಚಕ್ರ ಹಾಕಿ ಆದಮೇಲೆ, ಕಾರು ಹೊರಡುವ ಮುಂಚೆ, ಆ ಎರಡು ಸೆಕೆಂಡಿನಲ್ಲಿ ಕೆಲಸ ಆಗಬೇಕು. ಮೂರು ದಿನ ನಮ್ಮ ಸ್ಕೂಟರಿನ ಮೇಲೆ ಅಭ್ಯಾಸ ಮಾಡಿದರು. ನಾನು ಪರೀಕ್ಷೆಯ ಮೇಷ್ಟ್ರು.

“ಕಂಡ್ಯಾ?”

“ಏನು?”

“ಅಷ್ಟೇ ಬೇಕಾಗಿತ್ತು.”

ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಸ್ಕೂಟರು ನೆಲಕ್ಕೆ ಕೂತಿತ್ತು. ನಮ್ಮವರು ಅದರ ಸೀಟು ಸವರಿ ಸಿಳ್ಳೆ ಹಾಕಿದರು.

ಉಳಿದದ್ದು ಒಂದೇ ತೊಡಕು. ಓಟದ ಚಿತ್ರ ತೆಗೆಯಲು ಮಾಲೀಕ ಒಬ್ಬ ಕ್ಯಾಮೆರಾದವಳನ್ನು ಕರೆಸಿದ್ದ. ಕನ್ನಡಕದ ದಪ್ಪ ಹೆಂಗಸು. ಅವಳ ಕ್ಯಾಮೆರಾ ಸೆಕೆಂಡಿಗೆ ಸಾವಿರ ಚಿತ್ರ ಹಿಡಿಯುತ್ತದಂತೆ. ಸೊಳ್ಳೆ ಆಕಳಿಸಿದರೂ ಕಾಣುತ್ತದೆ ಅನ್ನಿ. ಶನಿವಾರ ಅದನ್ನು ತಂದು ಸರಿಯಾಗಿ ಹಿಂದಿನ ಎಡಚಕ್ರದ ಎದುರಿಗೇ ನಿಲ್ಲಿಸಿದಳು.

“ಅಣ್ಣಾ, ಈ ಪಿಟ್‌ನಲ್ಲಿ ನೋಡೋ ಹಾಗಿರೋದು ನಿಮ್ಮ ಕೈ ಒಂದೇ. ಅದನ್ನೇ ಹಿಡಿತೀನಿ.”

ನಮ್ಮವರ ಎದೆ ಉಬ್ಬಿತು, ಮರುಗಳಿಗೆಗೆ ಕಾಳಿನ ನೆನಪಾಯಿತು.

“ಎಷ್ಟು ಹೊತ್ತು ಹಿಡಿಯುತ್ತಮ್ಮ ಇದು?”

“ನಾಲ್ಕೇ ಸೆಕೆಂಡು. ಗುಂಡಿ ಒತ್ತಿದ್ರೆ ಮುಗೀತು. ಅದನ್ನೇ ಎಳೆದು ಎರಡೂವರೆ ನಿಮಿಷ ತೋರಿಸ್ತೀನಿ.”

ಶನಿವಾರದ ಅಭ್ಯಾಸದಲ್ಲಿ ಇವರು ಒಂದು ಕಣ್ಣು ಚಕ್ರದ ಮೇಲೆ, ಇನ್ನೊಂದು ಅವಳ ಹೆಬ್ಬೆರಳಿನ ಮೇಲೆ ಇಟ್ಟಿದ್ದರು. ಏಳು ಸಲ ಕಾರು ಬಂತು. ಏಳು ಸಲವೂ ಕಾರು ಭರ್ರನೆ ಹೋದ ಮೇಲೆಯೇ ಅವಳು ಗುಂಡಿ ಒತ್ತಿದಳು. ಮನೆಗೆ ಬಂದವರು ನಕ್ಕೂ ನಕ್ಕೂ ಕೆಮ್ಮಿದರು.

“ಅಷ್ಟು ದೊಡ್ಡ ಕ್ಯಾಮೆರಾ ಕಣೇ, ಹೊಗೆ ಹಿಡಿಯೋಕೆ. ನಿಧಾನದ ಕೈ ಅಂದ್ರೆ ಅದು. ನನ್ನ ಕೆಲಸ ಮುಗಿದ ಮೇಲೆ ಅವಳದ್ದು ಶುರು.”

ಭಾನುವಾರ ಎಲ್ಲ ಬರೆದಿಟ್ಟ ಹಾಗೆ ನಡೆಯಿತು. ಕಾರು ಬಂತು, ಚಕ್ರ ಬದಲಾಯಿತು, ಕ್ಯಾಪೂ ಬದಲಾಯಿತು. ಕಾರು ಹೋಯಿತು. ಆಮೇಲೆ ಅವಳು ಗುಂಡಿ ಒತ್ತಿದಳು. ಎಲ್ಲರಿಗಿಂತ ಮುಂದಿದ್ದ ಕಾರು ಆರನೆಯ ಸುತ್ತಿಗೆ ಕುಂಟುತ್ತ ವಾಪಸು ಬಂತು. ಇವರು ಚಕ್ರ ಬಿಚ್ಚಿದರು, ಒಳ್ಳೆಯ ಕ್ಯಾಪ್ ಹಾಕಿದರು, ಕಾಳನ್ನು ಅಗಿದು ನುಂಗಿದರು. ಕಾರು ಒಂಬತ್ತನೆಯದಾಗಿ ಗುರಿ ಮುಟ್ಟಿತು. ಮಾಲೀಕ ಭಾವಮೈದನ ಕುತ್ತಿಗೆಪಟ್ಟಿ ಹಿಡಿದಾಗ ಬಿಡಿಸಿದವರೂ ಇವರೇ.

“ಬಿಡಿ ಸಾರ್, ಪಾಪ. ಹೊಸಬರು, ಕಲೀತಾರೆ.”

ಸಂಜೆ ಶೆಡ್ಡಿನಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಬೀಳ್ಕೊಡುಗೆ ಅಂತ ನನ್ನನ್ನೂ ಕರೆದಿದ್ದರು. ನಮ್ಮವರು ಮಾಲೀಕನ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕ್ಯಾಮೆರಾದವಳನ್ನು ಛೇಡಿಸಿದರು: “ಏನಮ್ಮ, ಹೊಗೆ ಚೆನ್ನಾಗಿ ಬಂದಿದೆಯಾ? ಯಾವಾಗ ನೋಡಿದ್ರೂ ತಡವಾಗಿ ಒತ್ತುತೀಯಲ್ಲ.”

“ತಡವಾಗೇ ಒತ್ತಬೇಕು ಅಣ್ಣ,” ಅಂದಳು ಅವಳು, ದೀಪ ಆರಿಸುತ್ತ. “ಕ್ಯಾಮೆರಾ ಸುಮ್ನೆ ನೋಡ್ತಾನೇ ಇರುತ್ತೆ, ಹಳೇದನ್ನ ಅಳಿಸ್ತಾನೇ ಇರುತ್ತೆ. ಗುಂಡಿ ಒತ್ತಿದ್ರೆ, ಅದಕ್ಕೂ ಮುಂಚಿನ ನಾಲ್ಕು ಸೆಕೆಂಡು ಉಳಿಯುತ್ತೆ.” ಪರದೆಯ ಮೇಲೆ ಮಂಚದಷ್ಟು ಉದ್ದದ ಹೆಬ್ಬೆರಳು ಮೂಡಿತು. ಅದರ ತುದಿಯಲ್ಲಿ ಬಕೆಟ್ಟಿನಷ್ಟು ದೊಡ್ಡ ಕ್ಯಾಪ್, ಕ್ಯಾಪಿನೊಳಗೆ ಕುಂಬಳಕಾಯಿ ಗಾತ್ರದ ಹಸಿರು ಕಾಳು, ಮೆಲ್ಲಗೆ, ಬಲು ಮೆಲ್ಲಗೆ, ವಾಲ್ವಿನ ಕಡೆಗೆ ಹೊರಟಿತ್ತು. ಮಾಲೀಕ ಎದ್ದು ನಿಂತ. ನಮ್ಮವರು ಓಡಲಿಲ್ಲ, ಹಾಕಿದ ಕಾಲನ್ನೂ ಇಳಿಸಲಿಲ್ಲ. ಎರಡೂವರೆ ನಿಮಿಷ ಪೂರ್ತಿ ನೋಡಿ, ಪರದೆಯ ಮೇಲಿನ ತಮ್ಮ ಕೈಯತ್ತ ಬೆರಳು ತೋರಿಸಿ, ಮಾಲೀಕನ ಮುಖಕ್ಕೆ ಮುಖ ಕೊಟ್ಟು ಒಂದೇ ಒಂದು ಪ್ರಶ್ನೆ ಕೇಳಿದರು. ಏನು ಕೇಳಿರಬಹುದು, ಹೇಳಿ ನೋಡೋಣ.