ಗೋಡೆ ತಟ್ಟಿ ಹೇಳು

ಧಡ್!

ಗೋಡೆಯ ಆಚೆಯಿಂದ ಬಂದ ಆ ಒಂದೇ ಸದ್ದಿಗೆ ಟೈಲರಮ್ಮ ಕತ್ತರಿ ಸಮೇತ ಕಟಿಂಗ್ ಮೇಜಿನ ಕೆಳಗೆ ಸೇರಿಕೊಂಡಿದ್ದಳು.

"ಕ್ಷಮಿಸಿ... ನಿಮ್ಮ ಕ್ಯಾಲೆಂಡರ್ ಏನಾದ್ರೂ ಬಿತ್ತಾ ಅಂತ ನೋಡೋಕೆ ಬಂದೆ. ಪಕ್ಕದ ಅಂಗಡಿಗೆ ಹೊಸದಾಗಿ ಬಂದಿರೋ ಬಡಗಿ ನಾನು."

"ಹತ್ತಿರ ಬಂದ್ರೆ ಚುಚ್ಚಿಬಿಡ್ತೀನಿ!"

ಅವನು ಬರಲಿಲ್ಲ. ಓಡಿಯೂ ಹೋಗಲಿಲ್ಲ. ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕುಳಿತ.

"ಬರಲ್ಲ. ಇಲ್ಲೇ ಕೂತಿರ್ತೀನಿ. ಹೇಗೂ ನನ್ನ ಅಂಗಡಿಗೆ ಒಬ್ಬ ಗಿರಾಕಿನೂ ಇಲ್ಲ."

ಅವಳಿಗೆ ನಾಚಿಕೆ... ಅದಕ್ಕಿಂತ ಹೆಚ್ಚಾಗಿ ಸಿಟ್ಟು, ತನ್ನ ಮೈಯ ಮೇಲೇ!

ಹಿಂದೆ ಅವಳು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಿತ್ತು. ಪಕ್ಕದ ಮಿಷನ್ನಿನ ಗೆಳತಿ ಉಳಿಯಲಿಲ್ಲ. ಇವಳಿಗೆ ಒಂದು ಗೀರೂ ಆಗಿರಲಿಲ್ಲ. 'ಪುಣ್ಯವಂತೆ' ಎಂದರು ಜನ. ಕುಕ್ಕರ್ ಕೂಗಿದರೂ ಅವಳು ನಡುಗತೊಡಗಿದಾಗ 'ತಲೆ ಕೆಟ್ಟಿದೆ' ಎಂದರು. ಅದೇ ಜನ, ಅದೇ ಬಾಯಿ!

ಅಕ್ಕ ಕರೆದುಕೊಂಡು ಹೋಗಿ ತೋರಿಸಿದ ಡಾಕ್ಟರಮ್ಮ ಮಾತ್ರ ಬಿಡಿಸಿ ಹೇಳಿದ್ದರು. "ಇದು ಹುಚ್ಚಲ್ಲಮ್ಮ. ಅಪಾಯ ಮುಗೀತು ಅಂತ ನಿನಗೆ ಗೊತ್ತು, ನಿನ್ನ ಮೈಗೆ ಇನ್ನೂ ಗೊತ್ತಾಗಿಲ್ಲ. ನಿಧಾನಕ್ಕೆ ಕಲಿಸೋಣ."

ಬಡಗಿ ದಿನವೂ ಬರತೊಡಗಿದ. ಗುಂಡಿ ಹಾಕಿಸಲು ಒಮ್ಮೆ, ಅದೇ ಗುಂಡಿ ಬಿಗಿ ಮಾಡಿಸಲು ಇನ್ನೊಮ್ಮೆ. ಹೋಗುವಾಗ ಕತ್ತರಿಸಿ ಉಳಿದ ಚೂರು ಬಟ್ಟೆ ಕೇಳಿ ಒಯ್ಯುತ್ತಿದ್ದ.

"ಪಾಲಿಶ್ ಒರೆಸೋಕೆ ಟೈಲರಮ್ಮ."

ಮಾಡಿದ್ದು ಒಂದು ಸ್ಟೂಲ್, ಅದಕ್ಕೆ ಮೂಟೆ ಬಟ್ಟೆಯ ಪಾಲಿಶ್ಶೇ? ಅವಳಿಗೆ ಒಳಗೊಳಗೇ ನಗು. ಅವನು ಬರುವುದು ತಡವಾದರೆ ಕಣ್ಣು ಬಾಗಿಲ ಕಡೆಗೇ.

ಆದರೆ ಒಂದು ಮಧ್ಯಾಹ್ನ... ದುಮ್... ದುಮ್...

ಕತ್ತರಿ ಹಾದಿ ತಪ್ಪಿ ಗಿರಾಕಿಯ ಕೋಟಿನ ಬಟ್ಟೆಯನ್ನು ಸೀಳಿತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. "ಅಯ್ಯೋ, ನನ್ನ ಕೋಟು!" ಎಂದು ಗಿರಾಕಿ ಕೂಗಿದ್ದೂ ಎಲ್ಲೋ ದೂರದಲ್ಲಿ ಕೇಳಿಸಿತು.

ಉಸಿರು ಮರಳಿದ ಮೇಲೆ ಅವಳು ನೇರ ಪಕ್ಕದ ಅಂಗಡಿಗೆ ನುಗ್ಗಿದಳು. ಬಡಗಿಯ ಕೈಯಲ್ಲಿ ಸುತ್ತಿಗೆ. ಅದರ ತಲೆಗೆ ದಪ್ಪನಾಗಿ ಸುತ್ತಿದ್ದು... ಅವಳದೇ ಚೂರು ಬಟ್ಟೆ!

"ಏನ್ರೀ ಇದು?"

"ನಿಮ್ಮಕ್ಕ ಎಲ್ಲ ಹೇಳಿದ್ರು... ಸದ್ದು ಕಮ್ಮಿ ಆಗಲಿ ಅಂತ..."

"ಅವತ್ತು ಬಾಯ್ಲರ್ ಸಿಡಿದಾಗ ಗೋಡೆ ಆಚೆಯಿಂದ ಕೇಳಿಸಿದ್ದು ಇದೇ ಮಂದ ಸದ್ದು ಕಣ್ರೀ! ಮೊದಲು ಹೀಗೇ ದುಮ್ ಅಂತು... ಆಮೇಲೆ..."

ಅವನ ಮುಖ ಬಿಳಿಚಿಕೊಂಡಿತು. ಸುತ್ತಿಗೆ ಕೆಳಗಿಟ್ಟ.

"ನಾಳೆನೇ ಅಂಗಡಿ ಖಾಲಿ ಮಾಡ್ತೀನಿ. ನನ್ನಿಂದ ನಿಮಗೆ ನೋವಾಗೋದು ಬೇಡ."

ಇವನೂ ಹೋಗುತ್ತಾನೆ! ಮರುಕ್ಷಣವೇ ಕೋಪ ಉಕ್ಕಿತು.

"ಓಹೋ! ನನ್ನ ಭಯದ ಬಗ್ಗೆ ನೀವೂ ನಮ್ಮಕ್ಕನೂ ಕೂತು ತೀರ್ಮಾನ ಮಾಡಿಬಿಟ್ರಾ? ನನ್ನನ್ನ ಒಂದು ಮಾತು ಕೇಳಿದ್ರಾ? ನಾನೇನು ಗಾಜಿನ ಲೋಟನಾ, ಹತ್ತಿ ಸುತ್ತಿ ಇಡೋಕೆ? ಎಲ್ಲಿಗೂ ಹೋಗಕೂಡದು ನೀವು!"

"ಮತ್ತೆ... ಸದ್ದು?"

"ಸದ್ದು ಬೇಡ ಅಂದೋರು ಯಾರು? ಹೇಳದೆ ಕೇಳದೆ ಬರೋ ಸದ್ದು ಬೇಡ, ಅಷ್ಟೇ!"

ಬಡಗಿ ಮೇಜಿನ ಮೇಲಿದ್ದ ಉಳಿಯನ್ನೇ ನೋಡುತ್ತ ನಿಂತ. ಆಮೇಲೆ ತಲೆ ಚಚ್ಚಿಕೊಂಡ.

"ಥೂ, ನನ್ನ ಬುದ್ಧಿಗಿಷ್ಟು! ನಮ್ಮ ಕೆಲಸದಲ್ಲಿ ಒಬ್ಬರು ಉಳಿ ಹಿಡಿದಿದ್ರೆ, ಹೊಡೆಯೋನು ಮೊದಲು ಮೆಲ್ಲಗೆ ಒಂದು ಸಲ ತಟ್ತಾನೆ. ಹಿಡಿದೋರು 'ಹ್ಞೂಂ' ಅಂದ ಮೇಲೇ ಹೊಡೆತ."

"ಆ ಮರ್ಯಾದೆ ನನಗ್ಯಾಕಿಲ್ಲ?"

ಅವಳು ಸುತ್ತಿಗೆಯ ಬಟ್ಟೆ ಬಿಚ್ಚಿ ಬಿಸಾಡಿದಳು. ಉಳಿಯನ್ನು ತಾನೇ ಹಿಡಿದು ನಿಂತಳು.

ಟಕ್.

"...ಹ್ಞೂಂ."

ಧಡ್!

ಹೊಗೆ, ಕಿರುಚಾಟ, ಗೆಳತಿಯ ಮುಖ... ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಮಂಡಿ ನಡುಗಿತು, ಕಣ್ಣೀರು ಇಳಿಯಿತು. ಆದರೆ ಕಾಲು ಕದಲಲಿಲ್ಲ.

"ನಿಲ್ಲಿಸ್ಲಾ?"

"ನಡುಗಿದ್ರೆ ನಡುಗಲಿ. ಇನ್ನೊಂದು ಹೊಡೀರಿ!"

ಅಂದೇ ಎಲ್ಲವೂ ವಾಸಿಯಾಯಿತು ಎಂದುಕೊಳ್ಳಬೇಡಿ. ಆಮೇಲೂ ಕೆಲವು ದಿನ ಅವಳು ಮೇಜಿನ ಕೆಳಗೆ ಇರುತ್ತಿದ್ದಳು. ಆಗ ಬಡಗಿ ಹೊಸ್ತಿಲಲ್ಲಿ ಕುಳಿತಿರುತ್ತಿದ್ದ. ಉಳಿದ ದಿನ ಗೋಡೆಯ ಆಚೆಯಿಂದ 'ಟಕ್', ಈಚೆಯಿಂದ 'ಹ್ಞೂಂ', ಮತ್ತೆ ಕೆಲಸ.

ಒಂದು ಸಂಜೆ ಗೋಡೆ ಟಕ್ ಎಂದಿತು.

"ಹ್ಞೂಂ!"

ಹೊಡೆತ ಬರಲಿಲ್ಲ. ಬಾಗಿಲಿಗೆ ಅವನೇ ಬಂದ, ಬರಿಗೈಯಲ್ಲಿ.

"ಏನ್ರೀ, ಸುತ್ತಿಗೆ ಎಲ್ಲಿ?"

"ಒಂದು ಮಾತು ಹೇಳೋದಿತ್ತು. ಗಾಬರಿ ಆಗಬಾರದು ಅಂತ ಮೊದಲೇ ತಟ್ಟಿದೆ. ಟೈಲರಮ್ಮ... ನೀವಂದ್ರೆ ನನಗೆ ಪ್ರಾಣ. ನನ್ನ ಮದುವೆ ಆಗ್ತೀರಾ?"

ಅವಳ ಕೈ ನಡುಗಿತು. ಬಚ್ಚಿಡಲಿಲ್ಲ, ಅವನ ಕಡೆ ಚಾಚಿದಳು.

"ನಾಡಿ ಹಿಡಿದು ನೋಡಿ, ಎದೆ ಹೇಗೆ ಡವಡವ ಅಂತಿದೆ..."

"ಹೆದರಿಸಿಬಿಟ್ನಾ?"

"ಹೆದರಿಕೆನೂ ಇದೆ. ಆದ್ರೆ ಈ ಸಲ ಮೇಜಿನ ಕೆಳಗೆ ಹೋಗಲ್ಲ."

"ಮತ್ತೆ... ಉತ್ತರ?"

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹ್ಞೂಂ."