ಮೇಷ್ಟ್ರ ತಲೆಗೆ ಆರು ಪರ್ಸೆಂಟ್

ಸಲೂನಿನ ಬಾಗಿಲು ತೆರೆದು ಗಣಿತದ ಮೇಷ್ಟ್ರು ಒಳಗೆ ಬಂದದ್ದೇ ತಡ, ಚೂಟಿ ಪರದೆಯ ಹಿಂದೆ ಮಾಯವಾದಳು.

ಅವಳ ಎದೆ ಹೊಡೆದುಕೊಂಡ ಸದ್ದಿಗೆ ಮೂರು ಬೀದಿಯಾಚೆಯ ನಾಯಿಗಳು ಬೊಗಳಿದವು. ಸುಳ್ಳಲ್ಲ, ಬೇಕಾದರೆ ನಾಯಿಗಳನ್ನೇ ಕೇಳಿ.

ಅವಳ ಚೀಲದಲ್ಲಿ ಸೊನ್ನೆ ಬಂದ ಉತ್ತರಪತ್ರಿಕೆ ಇತ್ತು. ಎರಡು ದ್ರಾವಣ ಬೆರೆಸುವ ಲೆಕ್ಕಕ್ಕೆ ಅವಳು ಬರೆದ ಉತ್ತರ: ‘ಸರ್, ಇದನ್ನೆಲ್ಲ ಯಾರು ಬೆರೆಸುತ್ತಾರೆ?’ ಅದರ ಕೆಳಗೆ ಕೆಂಪು ಶಾಯಿಯಲ್ಲಿ, ‘ಮನೆಯವರ ಸಹಿ ಬೇಕು.’ ಸಹಿ ಹಾಕಬೇಕಾದವನು ಈ ಸಲೂನು ನಡೆಸುವ ಮಾಮ; ಅವಳಿದ್ದುದು ಅವನ ಮನೆಯಲ್ಲೇ. ನಾಲ್ಕು ದಿನದಿಂದ ಅವನಿಗೆ ತೋರಿಸಿರಲಿಲ್ಲ. ಮೇಷ್ಟ್ರು ದೂರು ಹೇಳಲೆಂದೇ ಬಂದಿರಬೇಕು!

ಮೇಷ್ಟ್ರು ಕುರ್ಚಿಯಲ್ಲಿ ಕೂತು ಪಿಸುಗುಟ್ಟಿದರು. "ಕೂದಲಿಗೆ ಬಣ್ಣ ಹಾಕ್ಬೇಕು. ನಾಳೆ ಶಾಲೆಯಲ್ಲಿ ಗ್ರೂಪ್ ಫೋಟೋ. ಯಾರಿಗೂ ಗೊತ್ತಾಗ್ಬಾರ್ದು."

ತಮ್ಮದು ಹುಟ್ಟಾ ಕಪ್ಪು ಕೂದಲು ಎಂದು ಅವರು ತರಗತಿಯಲ್ಲಿ ಹೇಳಿಕೊಂಡದ್ದು ಕಮ್ಮಿಯೆಂದರೂ ಸಾವಿರ ಸಲ. ಈಗ ಪರದೆಯ ಹಿಂದೆ ನಿಂತಿದ್ದುದು ಜಗತ್ತಿನಲ್ಲೇ ಅತಿ ದೊಡ್ಡ, ಒಂದು ಗುಟ್ಟೂ ನಿಲ್ಲದ ಬಾಯಿ.

"ಬಣ್ಣಕ್ಕೆ ಬೆರೆಸೋ ಆರು ಪರ್ಸೆಂಟ್ ಡೆವಲಪರ್ ಖಾಲಿ ಸರ್," ಮಾಮ ಎಂದ. "ಮೂರರದ್ದಿದೆ, ಹನ್ನೆರಡರದ್ದಿದೆ. ಮೂರರದ್ದು ಹಾಕಿದ್ರೆ ಬಣ್ಣ ಹಿಡಿಯಲ್ಲ. ಹನ್ನೆರಡರದ್ದು ಹಾಕಿದ್ರೆ ತಲೆ ಉರಿಯತ್ತೆ."

"ಅರ್ಧ ಅರ್ಧ ಬೆರೆಸಿಬಿಡಪ್ಪ."

"ಬೇಡ ಸರ್! ಏಳೂವರೆ ಪರ್ಸೆಂಟ್ ಆಗತ್ತೆ!"

ಪರದೆ ಮಾತಾಡಿದ್ದು ಕೇಳಿ ಮೇಷ್ಟ್ರು ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡರು.

"ಯಾರದು?"

"ನಾನು ಸರ್. ಸೊನ್ನೆ."

ಟವೆಲ್ಲು ಹೇಳಿತು: "ಹಾಗಾದ್ರೆ ಲೆಕ್ಕ ಮಾಡು. ಸರಿಯಾಗಿ ಮಾಡು ತಾಯಿ, ತಲೆ ನಂದು."

ಚೂಟಿ ಚೀಲದಿಂದ ಕೈಗೆ ಸಿಕ್ಕ ಕಾಗದ ಎಳೆದು ಗೀಚಿದಳು. ಒಟ್ಟು ಅರವತ್ತು ಎಂ.ಎಲ್. ಬೇಕು. ಹನ್ನೆರಡರದ್ದು x ಇರಲಿ. ಮೂರರದ್ದು 60 − x.

12x + 3(60 − x) = 6 × 60
9x = 180

"ಹನ್ನೆರಡರದ್ದು ಇಪ್ಪತ್ತು, ಮೂರರದ್ದು ನಲವತ್ತು!" ಆ ಕೂಗಿಗೆ ಸೂರು ಒಂದು ಗೇಣು ಮೇಲೆದ್ದು ಕೂತಿತು.

ತಿರುಗಿ ನೋಡಿದರೆ, ಮಾಮ ಆಗಲೇ ನಲವತ್ತು, ಇಪ್ಪತ್ತು ಅಳೆದು ಬಟ್ಟಲಲ್ಲಿ ಕಪ್ಪು ಬಣ್ಣಕ್ಕೆ ಕಲಸುತ್ತಿದ್ದ!

"ಮಾಮಾ! ನಿಂಗೆ ಮೊದಲೇ ಗೊತ್ತಿತ್ತಾ?"

"ಹದಿನೈದು ವರ್ಷದಿಂದ ಬೆರೆಸ್ತಿದೀನಿ ಕಣೇ. ಮೂರರದ್ದು ಎರಡು ಪಾಲು, ಹನ್ನೆರಡರದ್ದು ಒಂದು ಪಾಲು."

"ಹೇಳಬಾರದಿತ್ತಾ?"

"ನೀನು ಲೆಕ್ಕ ಮಾಡೋದು ನೋಡೇ ಇರ್ಲಿಲ್ಲ. ನೋಡೋಣ ಅನ್ನಿಸ್ತು." ಮಾಮ ಕಾಗದ ತೆಗೆದುಕೊಂಡು ನೋಡಿದ. ತಿರುವಿಯೂ ನೋಡಿದ.

ಅದು ಆ ಉತ್ತರಪತ್ರಿಕೆಯೇ ಆಗಿತ್ತು.

"ಇದನ್ನೆಲ್ಲ... ಯಾರು... ಬೆರೆಸುತ್ತಾರೆ," ಕೈಯಲ್ಲಿ ಬ್ರಷ್ ಹಿಡಿದುಕೊಂಡೇ ಮಾಮ ನಿಧಾನವಾಗಿ ಓದಿದ. ಟವೆಲ್ಲು ಕೆಮ್ಮಿತು. ಮಾಮ ಬ್ರಷ್ ಕೆಳಗಿಟ್ಟು ಸಹಿ ಹಾಕಿದ. ಪಕ್ಕದಲ್ಲಿ ಅವನ ಹೆಬ್ಬೆರಳ ಕಪ್ಪು ಗುರುತು ಬಿತ್ತು.

ಮರುದಿನ ಮೇಷ್ಟ್ರ ತಲೆ ಕಂಡು ಕಾಗೆಗಳು ನಾಚಿಕೊಂಡು ಊರು ಬಿಟ್ಟವು. ಫೋಟೋಗೆ ಅವರು ಮುಂದಿನ ಕುರ್ಚಿಯಲ್ಲಿ ಕೂತರು. ಚೂಟಿ ಅವರ ಹಿಂದೆಯೇ ನಿಂತಿದ್ದಳು. ಪಕ್ಕದ ಗೆಳತಿ ತಿವಿದಳು.

"ಏ, ಸರ್ ಕೂದಲಿಗೆ ಡೈ ಹಾಕಿದಾರೆ, ಅಲ್ವಾ?"

ಮೇಷ್ಟ್ರ ಕತ್ತು ಕಂಬದ ಹಾಗೆ ಬಿಗಿಯಿತು. ಅವರ ಕಿವಿಯ ಹಿಂದೆ ಕಾಳಿನಷ್ಟು ಬಣ್ಣ ಉಳಿದುಬಿಟ್ಟಿತ್ತು. ಮಾಮನ ಹೆಬ್ಬೆರಳ ಗುರುತಿನದ್ದೇ ಕಪ್ಪು.

ಜಗತ್ತಿನ ಅತಿ ದೊಡ್ಡ ಬಾಯಿ ತೆರೆಯಿತು.

"ಗೊತ್ತಿಲ್ಲಪ್ಪ," ಎಂದಿತು.

ಆಮೇಲೆ ಚೂಟಿ ಅರ್ಧ ಹೆಜ್ಜೆ ಸರಿದು, ಗೆಳತಿಗೂ ಆ ಕಿವಿಗೂ ನಡುವೆ ನಿಂತುಕೊಂಡಳು.